ಐಪೈಥಾನ್‌ನಿಂದ ಜೂಪಿಟರ್‌ಗೆ: ಒಂದೇ ಭಾಷೆಯ ಹಂಗು ಬಿಡಿಸಿದ ಕೆಲಸದ ವಿಮರ್ಶೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ನಡೆದ ಚರ್ಚೆಯ ಆಯ್ದ ಭಾಗವನ್ನೂ ಕೊಡಲಾಗಿದೆ.)

ಧ್ವನಿ ಕೇಳಿಸ್ತಾ ಉಂಟು ಅಂತ ಚಾಟ್‌ನಲ್ಲಿ ಬರೆದಿದ್ದೀರಿ, ಹಾಗಾಗಿ ಶುರು ಮಾಡ್ತೇನೆ.

ಕಳೆದ ಗೋಷ್ಠಿಯ ಕೊನೆಗೆ ಒಂದು ಸಲಹೆ ಬಂದಿತ್ತು. ಗಡಿನಾಡಿನ ಬೇರೆ ಬೇರೆ ಕಡೆಯವರು ಸೇರಿ ಆಡುಮಾತಿನ ಪದಪಟ್ಟಿ ಮಾಡ್ತಾ ಇದ್ದೇವಲ್ಲ, ಅದಕ್ಕೆ ಬಳಸುವ ಒಂದು ಚಿಕ್ಕ ಲೈಬ್ರರಿ ಉಂಟು. ಕನ್ನಡ ಪದವನ್ನು ಅಕ್ಷರಗಳಾಗಿ ಬಿಡಿಸುವುದು, ಪದಗಳನ್ನು ಅಕಾರಾದಿಯಾಗಿ ಜೋಡಿಸುವುದು, ಇಷ್ಟೇ ಅದರ ಕೆಲಸ. ಅದು ಪೈಥಾನ್‌ನಲ್ಲಿ ಮಾತ್ರ ಉಂಟು. ಸೊಲ್ಲಾಪುರದ ಗೆಳೆಯರು ಅಂಕಿಅಂಶದ ಕೆಲಸವನ್ನೆಲ್ಲ ಆರ್ ಭಾಷೆಯಲ್ಲಿ ಮಾಡುವವರು. ಹೊಸೂರಿನವರು ಪದಪಟ್ಟಿಯನ್ನು ಬ್ರೌಸರಿನಲ್ಲೇ ತೋರಿಸಬೇಕು ಅಂತ ಜಾವಾಸ್ಕ್ರಿಪ್ಟ್ ಹಿಡಿದವರು. ಹಾಗಾದರೆ ಲೈಬ್ರರಿಯನ್ನು ಯಾವ ಪ್ರೋಗ್ರಾಮಿಂಗ್ ಭಾಷೆಗೂ ಅಂಟಿಕೊಳ್ಳದ ಹಾಗೆ ಮತ್ತೆ ಕಟ್ಟೋಣ ಎಂಬುದು ಸಲಹೆ. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಆಮೇಲೆ ಕೂತು ಯೋಚನೆ ಮಾಡುವಾಗ, "ಯಾವ ಭಾಷೆಗೂ ಅಂಟಿಕೊಳ್ಳದ" ಎಂಬ ಮಾತಿನ ಅರ್ಥ ನನಗೇ ಸರಿಯಾಗಿ ಗೊತ್ತಿಲ್ಲ ಅಂತ ಆಯಿತು.

ಅದಕ್ಕೆ ಇವತ್ತು ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರ ಒಂದು ಉದಾಹರಣೆಯನ್ನು ತೆಗೆದುಕೊಳ್ಳುತ್ತೇನೆ. ನಮ್ಮಲ್ಲಿ ಹೆಚ್ಚಿನವರು ದಿನಾ ತೆರೆಯುವ ಜೂಪಿಟರ್ ನೋಟ್‌ಬುಕ್. ಅದು ಮೊದಲು ಐಪೈಥಾನ್ ಆಗಿತ್ತು, ಹೆಸರಲ್ಲೇ ಪೈಥಾನ್ ಇತ್ತು. ಆ ಹಂಗನ್ನು ಅವರು ಹೇಗೆ ಬಿಡಿಸಿಕೊಂಡರು, ಎಲ್ಲಿ ಬಿಡಿಸಿಕೊಳ್ಳಲಿಲ್ಲ ಎಂಬುದನ್ನು ಅವರ ಸಂದೇಶಗಳ ರಚನೆಯನ್ನೇ ಓದಿ ನೋಡೋಣ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡ್ತೇನೆ. ಈ ಕೆಲಸದಲ್ಲಿ ಗೆದ್ದದ್ದು ಹೆಸರು ಬದಲಿಸಿದ ಜಾಗದಲ್ಲಲ್ಲ, "ಇದನ್ನು ಯಾರು ತೀರ್ಮಾನಿಸಬೇಕು" ಎಂಬ ಪ್ರಶ್ನೆಯನ್ನು ಎತ್ತಿ ಬೇರೆ ಕಡೆ ಇಟ್ಟ ಜಾಗದಲ್ಲಿ. ಅದು ಆದದ್ದೂ ಎರಡನೆಯ ಭಾಷೆಯವರು ನಿಜವಾಗಿ ಬಂದು ಬಾಗಿಲಲ್ಲಿ ನಿಂತ ಮೇಲೆ.

ಮೊದಲು ಸ್ವಲ್ಪ ಇತಿಹಾಸ, ಬೇಗ ಮುಗಿಸ್ತೇನೆ. 2001ರಲ್ಲಿ ಫರ್ನಾಂಡೊ ಪೆರೆಜ್ ಕೊಲರಾಡೊ ವಿಶ್ವವಿದ್ಯಾಲಯದ ಬೌಲ್ಡರ್‌ನಲ್ಲಿ ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ಪೈಥಾನ್ ಜೊತೆ ಮಾತುಕತೆಯ ಹಾಗೆ ಕೆಲಸ ಮಾಡಲು ಒಂದು ಒಳ್ಳೆ ಶೆಲ್ ಬೇಕು ಅಂತ ಐಪೈಥಾನ್ ಶುರು ಮಾಡಿದರು. ಆಗ ಬರೆಯುವ ಪರದೆ, ಕೋಡು ನಡೆಸುವ ಯಂತ್ರ ಎರಡೂ ಒಂದೇ. 2011ರಲ್ಲಿ 0.11 ಆವೃತ್ತಿ ಬರುವಾಗ ಇವೆರಡನ್ನು ಬೇರೆ ಮಾಡಿದರು. ನಡೆಸುವ ಭಾಗಕ್ಕೆ ಕರ್ನಲ್ ಅಂತ ಹೆಸರು, ಬರೆಯುವ ಪರದೆ ಬೇರೆ, ನಡುವೆ ಝೀರೋಎಂಕ್ಯೂ ಮೂಲಕ ಓಡಾಡುವ ಸಂದೇಶಗಳು. ಅದೇ ವರ್ಷದ ಡಿಸೆಂಬರಿನಲ್ಲಿ 0.12 ಜೊತೆ ಬ್ರೌಸರಿನ ನೋಟ್‌ಬುಕ್ ಬಂತು.

ಇಲ್ಲಿ ಒಂದು ವಿಷಯ ಗಮನಿಸಿ. ಹೀಗೆ ಬೇರೆ ಮಾಡಿದ್ದು ಬೇರೆ ಭಾಷೆಗಳಿಗೆ ಜಾಗ ಕೊಡಬೇಕು ಅಂತ ಅಲ್ಲ. ಟರ್ಮಿನಲ್, ಕ್ಯೂಟಿ ಕಿಟಕಿ, ಬ್ರೌಸರ್ ಹೀಗೆ ಹಲವು ಪರದೆಗಳು ಒಂದೇ ಪೈಥಾನ್ ಯಂತ್ರಕ್ಕೆ ಜೋಡಣೆಯಾಗಲಿ, ಹಲವು ಯಂತ್ರಗಳಲ್ಲಿ ಲೆಕ್ಕ ಹಂಚಿ ಮಾಡುವಂತಾಗಲಿ ಅಂತ. ಮನೆಗೆ ಎರಡು ಬಾಗಿಲು ಇಟ್ಟದ್ದು ಮನೆಯವರ ಅನುಕೂಲಕ್ಕೆ. ಆದರೆ ಬಾಗಿಲು ಇದ್ದ ಮೇಲೆ ಹೊರಗಿನವರೂ ಬರಬಹುದು ಅಂತ ಆಯಿತು. 2013ರಲ್ಲಿ ಜೂಲಿಯಾ ಭಾಷೆಯವರು ಬಂದರು. ಐಜೂಲಿಯಾ ಅಂತ ತಮ್ಮದೇ ಕರ್ನಲ್ ಬರೆದು ಅದೇ ನೋಟ್‌ಬುಕ್ಕಿಗೆ ಜೋಡಿಸಿದರು. ಅದನ್ನು ಶುರು ಮಾಡಲು ಆಗ ಕೊಡುತ್ತಿದ್ದ ಆದೇಶ ಹೇಗಿತ್ತು ಗೊತ್ತುಂಟಾ? "ಐಪೈಥಾನ್ ನೋಟ್‌ಬುಕ್, ಪ್ರೊಫೈಲ್ ಜೂಲಿಯಾ" ಅಂತ. ಅಂದರೆ ಜೂಲಿಯಾ ಎಂಬುದು ಐಪೈಥಾನಿನ ಒಂದು ಪ್ರೊಫೈಲ್. ಒಂದು ಇಡೀ ಭಾಷೆ, ಇನ್ನೊಂದು ಭಾಷೆಯ ಸೆಟ್ಟಿಂಗ್ ಆಗಿ ಕೂತಿತ್ತು. ಕಾಸರಗೋಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

2014ರ ಜುಲೈಯಲ್ಲಿ ಪೆರೆಜ್ ಸೈಪೈ ಸಮ್ಮೇಳನದಲ್ಲಿ ಜೂಪಿಟರ್ ಎಂಬ ಹೆಸರನ್ನು ಘೋಷಿಸಿದರು. ಜೂಲಿಯಾ, ಪೈಥಾನ್, ಆರ್ ಮೂರರ ಸುಳಿವೂ ಆ ಹೆಸರಲ್ಲಿ ಉಂಟು, ಗುರುಗ್ರಹದ ಉಪಗ್ರಹಗಳನ್ನು ಗೆಲಿಲಿಯೊ ದಾಖಲಿಸಿದ ಟಿಪ್ಪಣಿ ಪುಸ್ತಕದ ನೆನಪೂ ಉಂಟು. 2015ರ ಆರಂಭದಲ್ಲಿ ಐಪೈಥಾನ್ 3.0 ಬಂತು. ಎಲ್ಲವೂ ಒಟ್ಟಿಗಿದ್ದ ಸರಣಿ ಅದೇ ಕೊನೆ. ಅದೇ ವರ್ಷ ಒಂದೇ ಭಂಡಾರವನ್ನು ಒಡೆದು ನೋಟ್‌ಬುಕ್, ಎನ್‌ಬಿಕನ್ವರ್ಟ್, ಎನ್‌ಬಿಫಾರ್ಮ್ಯಾಟ್, ಜೂಪಿಟರ್ ಕ್ಲೈಂಟ್, ಐಪೈಕರ್ನಲ್, ಟ್ರೇಟ್‌ಲೆಟ್ಸ್ ಮುಂತಾಗಿ ಪಾಲು ಮಾಡಿದರು. ಅವರೇ ಅದನ್ನು "ಬಿಗ್ ಸ್ಪ್ಲಿಟ್" ಅಂತ ಕರೀತಾರೆ. ಹಿಸ್ಸೆ ಆದ ಮೇಲೆ ಹಳೆ ವಿಳಾಸಕ್ಕೆ ಬಂದ ಕಾಗದ ಹೊಸ ಮನೆಗೆ ತಲುಪಬೇಕಲ್ಲ, ಅದಕ್ಕೆ ಹಳೆ ಹೆಸರಲ್ಲಿ ಕರೆದರೂ ಎಚ್ಚರಿಕೆ ಕೊಟ್ಟು ಹೊಸ ಜಾಗಕ್ಕೆ ಕಳಿಸುವ ವ್ಯವಸ್ಥೆ ಇಟ್ಟರು. ಅದು ಒಳ್ಳೆ ಕೆಲಸ.

ಇನ್ನು ಸಂದೇಶಗಳಿಗೆ ಬರೋಣ. ನನ್ನ ಮುಖ್ಯ ಓದು ಇಲ್ಲಿಯೇ.

ಹಳೆಯ ಒಪ್ಪಂದದಲ್ಲಿ, ಅಂದರೆ ಸಂದೇಶಗಳ ನಾಲ್ಕನೆಯ ಆವೃತ್ತಿಯವರೆಗೆ, ಬಳಕೆದಾರ ಕೊಟ್ಟ ಕೋಡಿನ ಹೆಸರು "ಪೈಇನ್", ಫಲಿತಾಂಶ "ಪೈಔಟ್", ದೋಷ "ಪೈಎರ್". ಐದನೆಯ ಆವೃತ್ತಿಯಲ್ಲಿ ಇವು ಕ್ರಮವಾಗಿ "ಎಕ್ಸಿಕ್ಯೂಟ್ ಇನ್‌ಪುಟ್", "ಎಕ್ಸಿಕ್ಯೂಟ್ ರಿಸಲ್ಟ್", "ಎರರ್" ಆದವು. ಮುಂಚೆ ಜೂಲಿಯಾದ ಕರ್ನಲ್ ಕೂಡ ತನ್ನ ಉತ್ತರವನ್ನು "ಪೈಔಟ್" ಎಂಬ ಲಕೋಟೆಯಲ್ಲಿ ಹಾಕಿ ಕಳಿಸಬೇಕಿತ್ತು. ಲಕೋಟೆಯ ಮೇಲಿನ ಹೆಸರು ಹೋಯಿತು, ಆಗಬೇಕಾದ್ದೇ. ಆದರೆ ಒಳಗಿನ ಕಾಗದ ಬದಲಾಗಲಿಲ್ಲ. ಇಂಥ ಬದಲಾವಣೆಯನ್ನು ಹುಡುಕು-ಬದಲಿಸು ಗುಂಡಿಯಲ್ಲೂ ಮಾಡಬಹುದು.

ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಒಂದು ಹೆಸರಿನ ಮೇಲೆ ಕರ್ಸರ್ ಇಟ್ಟು "ಇದು ಎಂತದು?" ಅಂತ ಕರ್ನಲ್ಲನ್ನು ಕೇಳುವ ಸಂದೇಶ. ಹಳೆಯದರಲ್ಲಿ ಅದು "ಆಬ್ಜೆಕ್ಟ್ ಇನ್ಫೋ". ಅದಕ್ಕೆ ಬರುವ ಉತ್ತರದಲ್ಲಿ ತುಂಬಬೇಕಾದ ಅಂಕಣಗಳ ಪಟ್ಟಿ ಓದಿದರೆ ಒಂದು ಪೈಥಾನ್ ಪಠ್ಯಪುಸ್ತಕದ ಪರಿವಿಡಿ ಓದಿದ ಹಾಗೆ ಆಗ್ತದೆ. ಬೇಸ್ ಕ್ಲಾಸ್ ಯಾವುದು, ಡಾಕ್‌ಸ್ಟ್ರಿಂಗ್ ಎಂತದು, ಇನಿಟ್‌ನ ಡಾಕ್‌ಸ್ಟ್ರಿಂಗ್ ಎಂತದು, ಕ್ಲಾಸಿನ ಡಾಕ್‌ಸ್ಟ್ರಿಂಗ್ ಎಂತದು, ಆರ್ಗ್ಯುಮೆಂಟುಗಳ ಪಟ್ಟಿ ಎಂತದು, ಅದು ಮ್ಯಾಜಿಕ್ ಆದೇಶವೋ ಅಲ್ಲವೋ. ಇನಿಟ್ ಎಂಬುದೇ ಇಲ್ಲದ ಭಾಷೆಯವನು ಅಲ್ಲಿ ಏನು ಬರೆಯಬೇಕು? ಖಾಲಿ ಬಿಡಬೇಕು. ಅರ್ಜಿ ನಮೂನೆಯೇ ಬೇರೆಯವರಿಗಾಗಿ ಅಚ್ಚಾಗಿದ್ದರೆ ನಮ್ಮ ಉತ್ತರದಲ್ಲಿ ಖಾಲಿ ಜಾಗವೇ ಹೆಚ್ಚು.

ಐದನೆಯ ಆವೃತ್ತಿಯಲ್ಲಿ ಇದನ್ನು ಬರೇ ಹೆಸರು ಬದಲಿಸಿ ಬಿಡಲಿಲ್ಲ. "ಇನ್‌ಸ್ಪೆಕ್ಟ್" ಎಂಬ ಹೊಸ ಸಂದೇಶದಲ್ಲಿ ಪರದೆ ಕಳಿಸುವುದು ಕೋಡು ಮತ್ತು ಕರ್ಸರ್ ಇರುವ ಸ್ಥಾನ. ಕರ್ನಲ್ ಕೊಡುವುದು ಸಾದಾ ಪಠ್ಯವಾಗಿ, ಎಚ್‌ಟಿಎಂಎಲ್ ಆಗಿ, ಹೇಗೆ ಬೇಕೋ ಹಾಗೆ ಸಿದ್ಧವಾದ ವಿವರಣೆ. ವಿವರಣೆಯಲ್ಲಿ ಏನೇನು ಇರಬೇಕು ಅಂತ ಒಪ್ಪಂದ ಹೇಳುವುದಿಲ್ಲ, ಆ ಭಾಷೆ ಗೊತ್ತಿದ್ದ ಕರ್ನಲ್ಲೇ ಹೇಳುತ್ತದೆ. ಅಂಕಣಗಳ ಪಟ್ಟಿಯೇ ಹೋಯಿತು. ಆದರೂ ಒಂದು ಗುರುತು ಉಳಿದಿದೆ. ಎಷ್ಟು ವಿವರ ಬೇಕು ಎಂಬುದಕ್ಕೆ 0 ಅಥವಾ 1 ಅಂತ ಒಂದು ಅಂಕಿ ಕಳಿಸಬೇಕು. ಯಾಕೆ ಎರಡೇ ಮಟ್ಟ? ಐಪೈಥಾನಿನಲ್ಲಿ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಸ್ವಲ್ಪ ವಿವರ, ಎರಡು ಹಾಕಿದರೆ ಹೆಚ್ಚು ವಿವರ ಬರ್ತಿತ್ತು, ಅದಕ್ಕೆ. ಹಳೆ ಮನೆಯ ಬಾಗಿಲ ಚಿಲಕ ಹೊಸ ಮನೆಗೂ ಬಂದಿದೆ.

ಪದಪೂರಣದ ಸಂದೇಶದಲ್ಲಿ ಆದ ಬದಲಾವಣೆ ನನಗೆ ಇನ್ನೂ ಮುಖ್ಯ ಅಂತ ಕಾಣ್ತದೆ. ಟ್ಯಾಬ್ ಒತ್ತಿದಾಗ ಅರ್ಧ ಪದ ಪೂರ್ತಿ ಆಗ್ತದಲ್ಲ, ಅದು. ಮುಂಚೆ ಪರದೆಯೇ "ಪೂರಣ ಮಾಡಬೇಕಾದ ಪದ ಇದು, ಇದು ಇರುವ ಸಾಲು ಇದು" ಅಂತ ಕತ್ತರಿಸಿ ಕಳಿಸಬಹುದಿತ್ತು. ಅಂದರೆ ಪದ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬುದು ಪರದೆಗೆ ಗೊತ್ತುಂಟು ಅಂತ ಒಪ್ಪಂದ ನಂಬಿತ್ತು. ಪೈಥಾನ್ ಒಂದೇ ಇದ್ದಾಗ ಅದರಿಂದ ತೊಂದರೆ ಇರಲಿಲ್ಲ. ಆದರೆ ಆರ್‌ನಲ್ಲಿ ಹೆಸರಿನ ನಡುವೆ ಚುಕ್ಕಿ ಬರಬಹುದು. ಪೈಥಾನ್‌ನಲ್ಲಿ ಅದೇ ಚುಕ್ಕಿ ಒಂದು ವಸ್ತುವಿನ ಒಳಗೆ ಹೋಗುವ ಮೆಟ್ಟಿಲು. ಜೂಲಿಯಾದಲ್ಲಿ ಹೆಸರಿನ ಕೊನೆಗೆ ಆಶ್ಚರ್ಯಸೂಚಕ ಚಿಹ್ನೆ ಬರಬಹುದು. ಐದನೆಯ ಆವೃತ್ತಿಯಲ್ಲಿ ಪರದೆ ಕೋಡನ್ನು ಹಾಗೇ ಕಳಿಸ್ತದೆ, ಕರ್ಸರ್ ಎಲ್ಲಿದೆ ಅಂತ ಹೇಳ್ತದೆ. ಎಲ್ಲಿಂದ ಎಲ್ಲಿಯವರೆಗೆ ಬದಲಿಸಬೇಕು ಎಂಬುದನ್ನು ಕರ್ನಲ್ ತಿರುಗಿ ತಿಳಿಸ್ತದೆ. ಪದದ ಗಡಿ ಯಾವುದು ಎಂಬ ತೀರ್ಮಾನ ಆ ಭಾಷೆಯವರ ಕೈಗೆ ಹೋಯಿತು. ನಾನು "ಗೆದ್ದದ್ದು ಇಲ್ಲಿ" ಅಂತ ಹೇಳಿದ್ದು ಇದನ್ನೇ.

ಇಷ್ಟಾದ ಮೇಲೂ ಇನ್ನೊಂದು ಕತೆ ನಡೆಯಿತು. ಕರ್ಸರ್ ಎಲ್ಲಿದೆ ಅಂತ ಹೇಳಲು ಎಣಿಸಬೇಕಲ್ಲ, ಏನನ್ನು ಎಣಿಸುವುದು? ಪರದೆ ಇರುವುದು ಬ್ರೌಸರಿನಲ್ಲಿ, ಬ್ರೌಸರಿನ ಭಾಷೆ ಜಾವಾಸ್ಕ್ರಿಪ್ಟ್. ಜಾವಾಸ್ಕ್ರಿಪ್ಟ್ ಪಠ್ಯವನ್ನು ಯುಟಿಎಫ್-16 ಘಟಕಗಳಲ್ಲಿ ಎಣಿಸ್ತದೆ. ಯೂನಿಕೋಡಿನ ಮೊದಲ ತಟ್ಟೆಯಲ್ಲಿರುವ ಅಕ್ಷರಕ್ಕೆ ಒಂದು ಘಟಕ, ಅದರಾಚೆಯ ಅಕ್ಷರಕ್ಕೆ ಎರಡು. ಪೈಥಾನ್ 3 ಆದರೋ ಕೋಡ್‌ಪಾಯಿಂಟುಗಳನ್ನು ಎಣಿಸ್ತದೆ, ಎಲ್ಲದಕ್ಕೂ ಒಂದೇ. ಗಣಿತದ ದಪ್ಪಕ್ಷರಗಳು ಮೊದಲ ತಟ್ಟೆಯ ಆಚೆ ಇರುವಂಥವು. ಅವು ಕೋಡಿನಲ್ಲಿ ಬಂದ ಕಡೆ ಕರ್ಸರ್ ಒಂದೊಂದು ಹೆಜ್ಜೆ ಜರುಗಿ, ಪದಪೂರಣ ತಪ್ಪು ಜಾಗದಲ್ಲಿ ಬೀಳ್ತಿತ್ತು. 5.2 ಆವೃತ್ತಿಯಲ್ಲಿ "ಕೋಡ್‌ಪಾಯಿಂಟುಗಳನ್ನೇ ಎಣಿಸಬೇಕು" ಅಂತ ಬರೆದು ಇದನ್ನು ಸರಿಪಡಿಸಿದರು. ಪೈಥಾನಿನ ಹಂಗು ಬಿಡಿಸುವ ಗಡಿಬಿಡಿಯಲ್ಲಿ ಜಾವಾಸ್ಕ್ರಿಪ್ಟಿನ ಹಂಗು ಒಳಗೆ ಬಂದು ಕೂತದ್ದನ್ನು ಯಾರೂ ನೋಡಿರಲಿಲ್ಲ. ಯಾಕೆಂದರೆ ಅದು ಯಾವ ಹೆಸರಲ್ಲೂ ಇರಲಿಲ್ಲ, ಒಂದು ಎಣಿಕೆಯಲ್ಲಿ ಇತ್ತು.

ನಮ್ಮ ಕನ್ನಡ ಮೊದಲ ತಟ್ಟೆಯಲ್ಲೇ ಇರುವುದರಿಂದ ಈ ದೋಷ ಕನ್ನಡಕ್ಕೆ ತಾಗಲಿಲ್ಲ. ಆದರೆ ಈ ಗೋಷ್ಠಿಯವರು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ. 2024ರಲ್ಲಿ ಯೂನಿಕೋಡಿಗೆ ಸೇರಿದ ತುಳು-ತಿಗಳಾರಿ ಲಿಪಿ ಮೊದಲ ತಟ್ಟೆಯ ಆಚೆ ಉಂಟು. ಮೋಡಿ ಲಿಪಿಯೂ ಆಚೆಯೇ. ಕಾಸರಗೋಡಿನ ತಾಳೆಗರಿಯನ್ನೋ ಅಕ್ಕಲಕೋಟೆ ಕಡೆಯ ಹಳೆಯ ಮೋಡಿ ಕಾಗದವನ್ನೋ ಗಣಕಕ್ಕೆ ಹಾಕುವವರಿಗೆ ಪ್ರತಿ ಅಕ್ಷರವೂ ಎರಡೆರಡು ಘಟಕ.

ಇನ್ನು ಹಾಗೇ ಬಿಟ್ಟ ಜಾಗಗಳು. ದೋಷದ ಸಂದೇಶದ ಹೆಸರು "ಎರರ್" ಆಯಿತು ಅಂದೆನಲ್ಲ, ಅದರ ಒಳಗೆ ಮೂರು ಅಂಕಣ ಉಂಟು: ಇನೇಮ್, ಇವ್ಯಾಲ್ಯೂ, ಟ್ರೇಸ್‌ಬ್ಯಾಕ್. ದೋಷದ ಹೆಸರು, ದೋಷದ ಮೌಲ್ಯ, ಯಾವ ದಾರಿಯಲ್ಲಿ ಬಂತು ಎಂಬ ಸಾಲುಗಳು. ಇದು ಪೈಥಾನ್ ತನ್ನ ದೋಷವನ್ನು ಹೇಳುವ ಕ್ರಮ. ಆರ್‌ನಲ್ಲಿ ದೋಷ, ಎಚ್ಚರಿಕೆ, ಸೂಚನೆ ಮೂರೂ "ಕಂಡಿಷನ್" ಎಂಬ ಒಂದೇ ಜಾತಿಗೆ ಸೇರಿದವು, ಅವುಗಳನ್ನು ಹಿಡಿದು ಕೆಲಸ ಮುಂದುವರಿಸುವ ದಾರಿಯೂ ಉಂಟು. ಈ ಸಂಬಂಧವನ್ನು ಹೇಳಲು ಒಪ್ಪಂದದಲ್ಲಿ ಜಾಗ ಇಲ್ಲ. ಸಿ++ ಥರದ ಭಾಷೆಯಲ್ಲಿ ಕೋಡು ಕಂಪೈಲ್ ಆಗದೆ ನಿಂತದ್ದಕ್ಕೂ ಓಡುವಾಗ ಬಿದ್ದದ್ದಕ್ಕೂ ಬಹಳ ವ್ಯತ್ಯಾಸ. ಇಲ್ಲಿ ಎರಡೂ ಒಂದೇ ಅಚ್ಚಿನಲ್ಲಿ. ಕೆಲಸ ನಡೀತದೆ, ಅದಕ್ಕೇ ಯಾರೂ ಗಲಾಟೆ ಮಾಡಲಿಲ್ಲ. ಆದರೆ ವಿದ್ಯಾರ್ಥಿಯು ಒಂದು ಭಾಷೆಯನ್ನು ಕಲಿಯುವುದೇ ಅದರ ದೋಷದ ಸಂದೇಶಗಳಿಂದ. ಆ ಜಾಗದಲ್ಲೇ ಇನ್ನೊಂದು ಭಾಷೆಯ ಅಚ್ಚು ಉಳಿದಿರುವುದು ನನಗೆ ಸಣ್ಣ ವಿಷಯ ಅಂತ ಕಾಣುವುದಿಲ್ಲ.

ಕಡತದ ರಚನೆಗೆ ಬಂದರೆ, ಮೂರನೆಯ ಆವೃತ್ತಿಯಲ್ಲಿ ಪ್ರತಿ ಕೋಡಿನ ಕೋಶಕ್ಕೂ "ಭಾಷೆ" ಅಂತ ಒಂದು ಅಂಕಣ ಇತ್ತು. ಅಲ್ಲಿ ಯಾವಾಗಲೂ ಪೈಥಾನ್ ಅಂತ ತುಂಬಿರ್ತಿತ್ತು, ನಿಜ. ನಾಲ್ಕನೆಯದರಲ್ಲಿ ಅದನ್ನು ತೆಗೆದು ಇಡೀ ಕಡತಕ್ಕೆ ಒಂದು ಕರ್ನಲ್, ಒಂದು ಭಾಷೆ ಅಂತ ಮೇಲೆ ಬರೆದರು. ಅಚ್ಚುಕಟ್ಟು ಹೌದು. ಆದರೆ ಫಲ ಏನು? ಯಾವ ಭಾಷೆಯಾದರೂ ಆಗಬಹುದು, ಒಂದು ಪುಸ್ತಕಕ್ಕೆ ಒಂದೇ. ಕಾಸರಗೋಡಿನ ಪೇಟೆಯಲ್ಲಿ ಒಂದು ಕಟ್ಟು ಬೀಡಿ ಕೊಂಡು ಮುಗಿಯುವಷ್ಟರಲ್ಲಿ ಮೂರು ಭಾಷೆ ಬಂದು ಹೋಗಿರ್ತದೆ. ಸಪ್ತಭಾಷೆಯ ಊರು ಅಂತ ಸುಮ್ಮನೆ ಕರೆಯುವುದಲ್ಲ. ಸಂಶೋಧನೆಯೂ ಹಾಗೇ. ಪಠ್ಯ ಸ್ವಚ್ಛ ಮಾಡುವುದು ಪೈಥಾನ್‌ನಲ್ಲಿ, ಲೆಕ್ಕ ಆರ್‌ನಲ್ಲಿ. ಜೂಪಿಟರಿನಲ್ಲಿ ಎರಡನ್ನೂ ಒಂದೇ ಪುಟದಲ್ಲಿ ಬರೆಯಬೇಕಾದರೆ ಹೆಚ್ಚಿನವರು ಹಿಡಿಯುವ ದಾರಿ, ಪೈಥಾನ್ ಕರ್ನಲ್ ತೆರೆದು ಆರ್‌ಪೈ2 ಮೂಲಕ ಆರ್ ಕೋಶ ಹಾಕುವುದು. ಎರಡು ಭಾಷೆ ಮಾತಾಡಬೇಕಾದರೆ ಮತ್ತೆ ಪೈಥಾನಿನ ಅಂಗಳಕ್ಕೇ ಬರಬೇಕು. ಜೆಪ್ಪೆಲಿನ್ ಎಂಬ ಇನ್ನೊಂದು ನೋಟ್‌ಬುಕ್ಕಿನಲ್ಲಿ ಪ್ಯಾರಾಕ್ಕೊಂದು ಭಾಷೆ ಇಡಬಹುದು. ಹಾಗಾಗಿ ಅದು ಆಗದ ಕೆಲಸ ಏನೂ ಅಲ್ಲ, ಇವರು ಆರಿಸಿಕೊಂಡದ್ದು ಬೇರೆ.

ಸರ್ವರ್ ಭಾಗ ಈಗಲೂ ಪೈಥಾನ್. ಆರ್ ಮಾತ್ರ ಗೊತ್ತಿದ್ದವರೂ ಜೂಪಿಟರ್ ಹಾಕಿಕೊಳ್ಳಲು ಸಾಮಾನ್ಯವಾಗಿ ಪೈಥಾನ್ ಹಾಕಿಕೊಳ್ಳಬೇಕು. ಸರ್ವರಿನ ಸೆಟ್ಟಿಂಗ್ ಕಡತವನ್ನು ಸೃಷ್ಟಿಸಿಕೊಂಡರೆ ಬರುವುದು ಒಂದು ಪೈಥಾನ್ ಕಡತ. ಇದನ್ನು ನಾನು ದೊಡ್ಡ ತಪ್ಪು ಅನ್ನುವುದಿಲ್ಲ. ಯಾವುದೋ ಒಂದು ಭಾಷೆಯಲ್ಲಿ ಬರೆಯಲೇಬೇಕು.

ಕಡತದ ಹೆಸರಿನ ಬಾಲ "ಐಪಿವೈಎನ್‌ಬಿ" ಈಗಲೂ ಹಾಗೇ ಉಂಟು, ಅಂದರೆ ಐಪೈಥಾನ್ ನೋಟ್‌ಬುಕ್. ಇದನ್ನು ಹಾಸ್ಯ ಮಾಡುವವರಿದ್ದಾರೆ. ಬದಲಿಸದೆ ಇದ್ದದ್ದೇ ಸರಿ ಅಂತ ನನ್ನ ಮತ. ಜಗತ್ತಿನ ಕಡತಗಳೆಲ್ಲ ಆ ಹೆಸರಲ್ಲಿವೆ, ಹೆಸರು ಬದಲಿಸಿದರೆ ಒಡೆಯುವುದು ಬಹಳ, ಸಿಗುವುದು ಕಡಿಮೆ. ನಮ್ಮಲ್ಲೇ ಒಂದು ಉದಾಹರಣೆ ಉಂಟು. ಹಳಗನ್ನಡದ ೞ ಅಕ್ಷರಕ್ಕೆ ಯೂನಿಕೋಡ್ ಕೊಟ್ಟ ಅಧಿಕೃತ ಹೆಸರು "ಕನ್ನಡ ಲೆಟರ್ ಎಫ್‌ಎ". ತಪ್ಪು ಹೆಸರು, ಅದಕ್ಕೂ ಫಕಾರಕ್ಕೂ ಸಂಬಂಧ ಇಲ್ಲ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದು ಎಂಬುದು ಅವರ ನಿಯಮ, ಹಾಗಾಗಿ ತಿದ್ದಿದ ಹೆಸರನ್ನು ಪರ್ಯಾಯವಾಗಿ ಪಕ್ಕದಲ್ಲಿ ಕೊಟ್ಟು ತಪ್ಪನ್ನು ಹಾಗೇ ಉಳಿಸಿಕೊಂಡಿದ್ದಾರೆ. ಅಕ್ಷರ ಸರಿಯಾಗಿ ಕಾಣ್ತದೆ, ಅಷ್ಟು ಸಾಕು.

ಈಗ ನಮ್ಮ ಲೈಬ್ರರಿಗೆ ಬರ್ತೇನೆ.

"ಕ್ಷ" ಎಂಬುದು ಎಷ್ಟು ಅಕ್ಷರ? ನನ್ನ ಅಜ್ಜಿಯನ್ನು ಕೇಳಿದರೆ ಒಂದು. ಪೈಥಾನನ್ನು ಕೇಳಿದರೆ 3: ಕ, ವಿರಾಮ, ಷ. ಯುಟಿಎಫ್-8ರ ಬೈಟುಗಳನ್ನು ಎಣಿಸುವ ಭಾಷೆಯನ್ನು ಕೇಳಿದರೆ 9. ಯೂನಿಕೋಡಿನ ಅಕ್ಷರಗುಚ್ಛದ ನಿಯಮವನ್ನು ಕೇಳಿದರೆ 2, ಯಾಕೆಂದರೆ ವಿರಾಮ ಹಿಂದಿನ ಕಕಾರಕ್ಕೆ ಅಂಟಿಕೊಳ್ತದೆ, ಷಕಾರ ಬೇರೆ ಉಳೀತದೆ. 2023ರ 15.1 ಆವೃತ್ತಿಯಲ್ಲಿ ಒತ್ತಕ್ಷರಗಳನ್ನು ಒಡೆಯದೆ ಒಂದೇ ಅಂತ ಎಣಿಸುವ ಹೊಸ ನಿಯಮ ಬಂತು. ಬಂದದ್ದು ಆರು ಲಿಪಿಗಳಿಗೆ: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ಅಂದರೆ ಇದೇ ಕ್ಷಕಾರವನ್ನು ಆದೋನಿಯಲ್ಲಿ ತೆಲುಗಿನಲ್ಲಿ ಬರೆದರೆ ಒಂದು, ಮಂಜೇಶ್ವರದಲ್ಲಿ ಮಲಯಾಳದಲ್ಲಿ ಬರೆದರೆ ಒಂದು, ಸೊಲ್ಲಾಪುರದಲ್ಲಿ ಮರಾಠಿಯಲ್ಲಿ ಬರೆದರೆ ಒಂದು. ಮೂರೂ ಕಡೆ ಕನ್ನಡದಲ್ಲಿ ಬರೆದರೆ ಎರಡು.

ಆದ್ದರಿಂದ "ಅಕ್ಷರಗಳಾಗಿ ಬಿಡಿಸುವ" ನಮ್ಮ ಲೈಬ್ರರಿಯನ್ನು ಸುಮ್ಮನೆ ಮೂರು ಭಾಷೆಗೆ ಸಾಗಿಸಿದರೆ ಏನಾಗ್ತದೆ? ಸೊಲ್ಲಾಪುರದವರು ಆರ್‌ನ ಸ್ಟ್ರಿಂಗ್‌ಆರ್ ಬಳಸ್ತಾರೆ, ಅದರ ಅಡಿಯಲ್ಲಿ ಇರುವುದು ಐಸಿಯು, ಅದು ಯೂನಿಕೋಡಿನ ನಿಯಮ ಹಿಡೀತದೆ. ಹೊಸೂರಿನವರಿಗೆ ಜಾವಾಸ್ಕ್ರಿಪ್ಟಿನ ಸೆಗ್ಮೆಂಟರ್ ಉಂಟು, ಅದೂ ಆ ನಿಯಮದ್ದೇ. ನಮ್ಮ ಪೈಥಾನ್ ಕೋಡಿನಲ್ಲಿ ಇರುವುದು ಕೈಯಲ್ಲಿ ಬರೆದ ನಿಯಮ, ಒತ್ತಕ್ಷರ ಒಂದೇ. ಮೂರೂ ಕಡೆ ಲೈಬ್ರರಿ ನಡೀತದೆ, ದೋಷ ಎಲ್ಲೂ ಕಾಣುವುದಿಲ್ಲ, ಆದರೆ ಎಣಿಕೆ ಬೇರೆ ಬೇರೆ. ಪದದ ಉದ್ದದ ಮೇಲೆ ಯಾರಾದರೂ ಪ್ರಬಂಧ ಬರೆದರೆ, ಉಪಭಾಷೆಗಳ ವ್ಯತ್ಯಾಸ ಅಂತ ತೋರಿಸುವುದು ನಿಜವಾಗಿ ಆರ್‌ಗೂ ಪೈಥಾನಿಗೂ ಇರುವ ವ್ಯತ್ಯಾಸ ಆಗಬಹುದು. ನನಗೆ ಭಯ ಇರುವುದು ಇಲ್ಲಿ.

ಕೆಲವರು ರಸ್ಟ್ ಭಾಷೆಯಲ್ಲಿ ಒಮ್ಮೆ ಬರೆದು ಎಲ್ಲ ಕಡೆಗೆ ಜೋಡಿಸೋಣ ಅಂದರು. ಆ ದಾರಿ ಉಂಟು. ಪರದೆಯ ಮೇಲೆ ನಮ್ಮ ಒತ್ತಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್ ಒಳಗೆ ಸಿ++, ಹೊರಗೆ ತೋರಿಸುವುದು ಸಿ ಭಾಷೆಯ ಮುಖ ಮಾತ್ರ. ಅದಕ್ಕೇ ಎಲ್ಲ ಭಾಷೆಯವರೂ ಅದನ್ನು ಕರೆಯಬಹುದು. ಐಸಿಯು ಅದನ್ನೇ ಎರಡು ಸಲ, ಸಿ/ಸಿ++ನಲ್ಲಿ ಒಮ್ಮೆ ಜಾವಾದಲ್ಲಿ ಒಮ್ಮೆ ಬರೆಯಿತು, ಈಗ ಐಸಿಯು4ಎಕ್ಸ್ ಅಂತ ರಸ್ಟಿನಲ್ಲಿ ಮೂರನೆಯದೂ ಬಂದಿದೆ. ಅವರ ಬಳಿ ಜನ ಉಂಟು. ನಮ್ಮ ಬಳಿ ರಾತ್ರಿ ಹತ್ತರ ಮೇಲೆ ಬಿಡುವಾಗುವ ನಾಲ್ಕು ಜನ.

ನನ್ನ ಸಲಹೆ ಬೇರೆ. ಮೊದಲು ಕೋಡು ಮುಟ್ಟುವುದು ಬೇಡ. ಪದ ಕೊಟ್ಟರೆ ಹೇಗೆ ಬಿಡಿಸಬೇಕು ಎಂಬ ಒಂದು ಪಟ್ಟಿ ಮಾಡೋಣ, ಸಾದಾ ಪಠ್ಯ ಕಡತದಲ್ಲಿ. ಎಡಗಡೆ ಪದ, ಬಲಗಡೆ ಬಿಡಿಸಿದ ರೂಪ. ಯೂನಿಕೋಡಿನವರೂ ತಮ್ಮ ನಿಯಮದ ಜೊತೆ ಇಂಥ ಪರೀಕ್ಷೆಯ ಕಡತ ಕೊಡ್ತಾರೆ. ಲೈಬ್ರರಿಯ ವ್ಯಾಖ್ಯಾನ ಆ ಕಡತ, ಪೈಥಾನ್ ಕೋಡಲ್ಲ. ಆಮೇಲೆ ಆರ್ ಬೇಕಾದವರು ಆರ್‌ನಲ್ಲಿ ಬರೆಯಲಿ, ಕಡತದ ಪ್ರತಿ ಸಾಲಿಗೂ ಸರಿ ಉತ್ತರ ಬಂದರೆ ಅದು ನಮ್ಮದೇ ಲೈಬ್ರರಿ. ಬರೆಯುವಾಗ ಅವರಿಗೆ ಎಡವುವ ಜಾಗ ಸಿಗ್ತದೆ, ಸಿಗಲೇಬೇಕು. ಜೂಪಿಟರಿನವರಿಗೆ ಜೂಲಿಯಾದವರು ಮಾಡಿದ ಉಪಕಾರ ಅದು.

ಇಲ್ಲಿಗೆ ನನ್ನ ಮಂಡನೆ ಮುಗೀತು. ಪ್ರಶ್ನೆಗಳಿದ್ದರೆ ಕೇಳಿ.

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ಸೊಲ್ಲಾಪುರ): ಸರ್, ನೀವು ಹೆಸರು ಬದಲಿಸಿದ್ದನ್ನ ಭಾಳ ಹಗುರ ಮಾಡಿ ಹೇಳಿದ್ರಿ. ನಾನು ಆರ್ ಕಲಿಯೂ ಮುಂದ ಐಪೈಥಾನ್ ಅಂತ ಹೆಸರಿದ್ರ ಅದರ ಹತ್ರನ ಹೋಗ್ತಿರಲಿಲ್ಲ. ಇದು ನಮಗಲ್ಲ ಅಂತ ಬಿಡ್ತಿದ್ದೆ.

ಉತ್ತರ: ಸರಿಯಾದ ಮಾತು ಮೇಡಂ, ಒಪ್ಪುತ್ತೇನೆ. ನಾನು ಒಳಗಿನ ಸಂದೇಶದ ಹೆಸರನ್ನೂ ಬಾಗಿಲ ಮೇಲಿನ ಹೆಸರನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟುಬಿಟ್ಟೆ. ಬಾಗಿಲ ಹೆಸರು ಯಾರು ಬರ್ತಾರೆ ಎಂಬುದನ್ನು ತೀರ್ಮಾನ ಮಾಡ್ತದೆ. ಯಾರೂ ಬರದೆ ಇದ್ದರೆ ನಾನು ಹೇಳಿದ ಉಳಿದದ್ದೂ ಆಗುವುದಿಲ್ಲ. ಲಿಖಿತ ರೂಪದಲ್ಲಿ ನಿಮ್ಮ ಮಾತನ್ನು ಹಾಗೇ ಸೇರಿಸ್ತೇನೆ.

ಪ್ರಶ್ನೆ (ಅಧ್ಯಾಪಕರು, ಹೊಸೂರು): ಇವತ್ತು ಭಾಷಾ ಅಧ್ಯಯನದವರಿಗೆಲ್ಲಾ ಪೈಥಾನ್ ಬರುತ್ತೆ ಅಲ್ವಾ ಸರ್. ಎಲ್ಲರಿಗೂ ಬರೋ ಭಾಷೇಲೇ ಇದ್ದುಬಿಟ್ರೆ ತೊಂದರೆ ಏನು? ಇಷ್ಟೊಂದು ಶ್ರಮ ಯಾಕೆ?

ಉತ್ತರ: "ಎಲ್ಲರಿಗೂ ಬರುವ ಭಾಷೆಯಲ್ಲೇ ಬರ್ಕೊಂಡು ಬನ್ನಿ" ಅಂತ ಕಚೇರಿಯೊಂದರ ಕಿಟಕಿಯಲ್ಲಿ ನನಗೂ ಹೇಳಿದ್ದುಂಟು ಸರ್, ನಿಮಗೂ ಹೇಳಿರಬಹುದು. (ನಗು) ಅದು ಇರಲಿ. ಶ್ರಮದ ಲೆಕ್ಕ ಸರಿಯೇ, ಅದಕ್ಕೇ ನಾನು ಮೂರು ಭಾಷೆಯಲ್ಲಿ ಬರೆಯೋಣ ಅನ್ನಲಿಲ್ಲ. ಪೈಥಾನ್ ಕೋಡು ಹಾಗೇ ಇರಲಿ, ಹೆಚ್ಚಿನವರು ಅದನ್ನೇ ಬಳಸಲಿ. "ಕ್ಷ ಎಷ್ಟು ಅಕ್ಷರ" ಎಂಬ ಉತ್ತರ ಮಾತ್ರ ಪೈಥಾನ್ ಕೋಡನ್ನು ಓದಿಯೇ ತಿಳಿಯಬೇಕು ಅಂತ ಆಗಬಾರದು. ಪಟ್ಟಿಯಲ್ಲಿದ್ದರೆ ಕೋಡೇ ಬಾರದವರೂ, ಶಾಲೆಯ ಕನ್ನಡ ಮೇಷ್ಟ್ರೂ, ಓದಿ ತಪ್ಪು ಹಿಡಿಯಬಹುದು.

ಪ್ರಶ್ನೆ (ವಿದ್ಯಾರ್ಥಿ, ಮಡಕಶಿರಾ): ಸರ್, ಪಟ್ಟೀಲಿ ಎಂಥ ಪದಗಳು ಹಾಕ್ಬೇಕು? ಅರ್ಕಾವತ್ತು ಇರೋವು ಹೇಗೆ?

ಉತ್ತರ: ಒಳ್ಳೆ ಪ್ರಶ್ನೆ. ಸುಲಭದ ಪದ ಬೇಡ, ಜಗಳ ಬರುವಂಥದ್ದು ಕಳಿಸಿ. ಅರ್ಕಾವತ್ತು ಇರುವುದು, ಎರಡೆರಡು ಒತ್ತು ಇರುವುದು, ಅನುಸ್ವಾರ ಇರುವುದು, ಕೊನೆಗೆ ಅರ್ಧಾಕ್ಷರ ನಿಲ್ಲುವ ಪರಭಾಷೆಯ ಪದ, ೞ ಮತ್ತು ಱ ಬರುವ ಶಾಸನದ ಪದ, ನಿಮ್ಮ ಕಡೆ ಮಾತ್ರ ಇರುವ ಉಚ್ಚಾರಕ್ಕೆ ನೀವೇ ಮಾಡಿಕೊಂಡ ಬರವಣಿಗೆ. ಪ್ರತಿ ಕಡೆಯವರು ಇಪ್ಪತ್ತಿಪ್ಪತ್ತು ಪದ ಮುಂದಿನ ಗೋಷ್ಠಿಗೆ ಮೊದಲು ಕಳಿಸಿ. ನಡುವೆ ಟ್ಯಾಬ್ ಹಾಕಿದ ಸಾದಾ ಪಠ್ಯ ಕಡತ ಆಗಿರಲಿ. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಬೇಡ, ಯೂನಿಕೋಡೇ ಬೇಕು. ದಯವಿಟ್ಟು ಪಟ್ಟಿಯ ಫೋಟೋ ತೆಗೆದು ವಾಟ್ಸ್ಆ್ಯಪ್ ಮಾಡಬೇಡಿ.